ದಿನ ತುಂಬದ ಕೂಸಿನ ಉಸಿರು

ನಮ್ಮ ಗುಂಡ್ಲುಪೇಟೆ ಕಡೆಯ ಅಜ್ಜಿಯರ ಬಾಯಲ್ಲಿ ಒಂದು ಮಾತಿದೆ: ‘ಏಳು ತಿಂಗ್ಳ ಕೂಸು ಉಳೀತದ, ಎಂಟು ತಿಂಗ್ಳದು ಉಳಿಯಲ್ಲ.’ ವೈದ್ಯರು ಇದನ್ನು ಒಪ್ಪುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಹೆಚ್ಚಿಗೆ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶಕ್ಕೆ ಲಾಭವೇ. ಆದರೂ ಇದೇ ನಂಬಿಕೆ ಪ್ರಾಚೀನ ಗ್ರೀಕರಲ್ಲೂ ಇತ್ತು. ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದು ಬಂದಿರುವ ಗ್ರಂಥಗಳಲ್ಲಿ ಒಂದು ಎಂಟು ತಿಂಗಳ ಶಿಶುವಿನ ಬಗ್ಗೆಯೇ ಇದೆ. ಯಾವ ಕೂಸು ಉಳಿಯುತ್ತದೆ ಎಂದು ತಿಂಗಳು ಎಣಿಸುವುದನ್ನು ಬಿಟ್ಟರೆ ಬೇರೇನೂ ಕೈಯಲ್ಲಿಲ್ಲದ ಕಾಲದ ಮಾತು ಅದು. ಈಗ ಪ್ರಶ್ನೆ ಬದಲಾಗಿದೆ. ಆಸ್ಪತ್ರೆಯಲ್ಲಿ ಬದುಕಿ ಉಳಿದ ಕೂಸು, ಉಸಿರಿಗೆ ಇನ್ನೂ ಆಸರೆ ಬೇಕಿರುವಾಗಲೇ ಮನೆಗೆ ಬಂದರೆ, ಆ ಆಸರೆಯನ್ನು ಹೊರುವವರು ಯಾರು?

ದಿನ ತುಂಬದ ಕೂಸು ಉಸಿರಾಡಲು ಏಕೆ ಒದ್ದಾಡುತ್ತದೆ ಎಂಬುದು ಸ್ಪಷ್ಟವಾದದ್ದು 1959ರಲ್ಲಿ. ಶ್ವಾಸಕೋಶದ ಗಾಳಿಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವ ಸಾಬೂನಿನಂಥ ಲೇಪವೊಂದು ಈ ಕೂಸುಗಳಲ್ಲಿ ಸಾಲದು ಎಂದು ಅಮೆರಿಕದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. ಕಾರಣ ತಿಳಿದರೂ ಚಿಕಿತ್ಸೆ ಸಿಕ್ಕಿರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದು ವಾರಗಳಿಗೂ ಮುಂಚೆ ಹುಟ್ಟಿ, ಎರಡೇ ದಿನದಲ್ಲಿ ತೀರಿಕೊಂಡ. ತೂಕ ಎರಡು ಕಿಲೋ ದಾಟಿತ್ತು. ಅಷ್ಟು ತೂಕದ ಕೂಸನ್ನು ಇಂದು ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಉಳಿಸಿಕೊಳ್ಳುತ್ತಾರೆ.

ಆಗ ವೈದ್ಯರ ಕೈಯಲ್ಲಿದ್ದ ದೊಡ್ಡ ಆಯುಧ ಆಮ್ಲಜನಕ. ಅದರ ಇನ್ನೊಂದು ಮುಖ ಅಷ್ಟರಲ್ಲೇ ಗೊತ್ತಾಗಿತ್ತು. 1940ರ ದಶಕದಲ್ಲಿ ಇನ್‌ಕ್ಯುಬೇಟರಿನೊಳಗೆ ಧಾರಾಳವಾಗಿ ಆಮ್ಲಜನಕ ಹರಿಸಿದ್ದರಿಂದ ಸಾವಿರಾರು ಮಕ್ಕಳು ಕುರುಡಾದರು. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಇದರತ್ತ ಬೆರಳು ತೋರಿಸಿದರು. ಆ ಅಪಾಯ ಇನ್ನೂ ಮುಗಿದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗಿ, ಇಂಥ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ.

ಶ್ವಾಸಕೋಶದ ಕಥೆಯೂ ಹೀಗೆಯೇ. 1967ರಲ್ಲಿ ಸ್ಟ್ಯಾನ್‌ಫರ್ಡಿನ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು ಹೊಸ ಕಾಯಿಲೆಯೊಂದನ್ನು ವಿವರಿಸಿದರು. ವೆಂಟಿಲೇಟರಿನ ಒತ್ತಡ, ಹೆಚ್ಚು ಆಮ್ಲಜನಕ ಎರಡೂ ಸೇರಿದ್ದರಿಂದ ಬದುಕಿದ ಕೂಸುಗಳ ಶ್ವಾಸಕೋಶವೇ ಗಾಯಗೊಂಡಿತ್ತು. ಅದಕ್ಕಿಟ್ಟ ಹೆಸರು ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ, ಚಿಕ್ಕದಾಗಿ ಬಿಪಿಡಿ. ಮುಂದೆ ಒಳ್ಳೆಯ ದಾರಿಗಳು ತೆರೆದವು. 1971ರಲ್ಲಿ ಜಾರ್ಜ್ ಗ್ರೆಗರಿ, ಗಾಳಿಯ ಮೃದು ಒತ್ತಡದಿಂದ ಗಾಳಿಗೂಡುಗಳನ್ನು ತೆರೆದಿಡುವ ಸಿಪ್ಯಾಪ್ ವಿಧಾನ ತಂದರು. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಹೆರಿಗೆಗೆ ಮುಂಚೆ ತಾಯಿಗೆ ಸ್ಟಿರಾಯ್ಡ್ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರ, ಕಾಣೆಯಾದ ಆ ಲೇಪವನ್ನೇ ಹೊರಗಿನಿಂದ ಕೊಟ್ಟರು. ಇದರಿಂದ ಇನ್ನೂ ಚಿಕ್ಕ ಕೂಸುಗಳು ಉಳಿದವು; ಹಾಗಾಗಿ ಬಿಪಿಡಿ ಮಾಯವಾಗಲಿಲ್ಲ, ಬೆಳೆಯದೆ ನಿಂತ ಶ್ವಾಸಕೋಶದ ಕಾಯಿಲೆಯಾಗಿ ರೂಪ ಬದಲಿಸಿತು.

ಇಂಥ ಕೂಸನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇಡಬೇಕೆ? ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದ, ಗಾಳಿ ತೆಳುವಾದ ಡೆನ್ವರ್ ನಗರದ ಪಿನ್ನಿ ಮತ್ತು ಕಾಟನ್, ಮನೆಯಲ್ಲೇ ಆಮ್ಲಜನಕ ಕೊಟ್ಟು ಬಿಪಿಡಿ ಮಕ್ಕಳನ್ನು ಸಾಕಿದ ಅನುಭವವನ್ನು 1976ರಲ್ಲಿ ಪ್ರಕಟಿಸಿದರು. ಮೂಗಿಗೆ ಸಣ್ಣ ನಳಿಕೆ, ಅದರಲ್ಲಿ ನಿಮಿಷಕ್ಕೆ ಒಂದು ಲೀಟರಿಗಿಂತಲೂ ಕಡಿಮೆ ಆಮ್ಲಜನಕ. ಶ್ವಾಸಕೋಶ ಬೆಳೆದಂತೆ ಅದನ್ನೂ ಮೆಲ್ಲಗೆ ತಗ್ಗಿಸುತ್ತಾ ಹೋಗುವುದು. 1974ರಲ್ಲಿ ಜಪಾನಿನ ತಕುವೊ ಅಯೋಯಗಿ ಸೂಚಿಸಿದ ಪಲ್ಸ್ ಆಕ್ಸಿಮೀಟರ್ ಮುಂದೆ ಈ ಕೆಲಸಕ್ಕೆ ಕಣ್ಣಾಯಿತು. ಸೂಜಿ ಚುಚ್ಚದೆ, ಪಾದಕ್ಕೆ ಸುತ್ತಿದ ಪಟ್ಟಿಯಿಂದಲೇ ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ತಿಳಿಯತೊಡಗಿತು.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ; ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಆದರೂ ದೊಡ್ಡ ಕಾಯಿಲೆ ಬಂದರೆ ನಾವು ಅರವತ್ತು ಕಿಲೋಮೀಟರ್ ದೂರದ ಮೈಸೂರಿನ ದಾರಿ ಹಿಡಿಯುತ್ತೇವೆ. ಆಮ್ಲಜನಕವೂ ಅಲ್ಲಿಂದಲೇ ಬರಬೇಕಿತ್ತು. 2021ರ ಮೇ 2ರ ರಾತ್ರಿಯಿಂದ ಮರುದಿನದ ಹೊತ್ತಿಗೆ ಚಾಮರಾಜನಗರದ ಕೋವಿಡ್ ಆಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ತನಿಖಾ ಸಮಿತಿಗಳು ನೇಮಕವಾದವು. ಸತ್ತವರು ದೊಡ್ಡವರು, ಕಾಯಿಲೆಯೂ ಬೇರೆ. ಆದರೆ ಯಂತ್ರವೊಂದೇ ಉಸಿರು ಕೊಡುವುದಿಲ್ಲ, ಅದರ ಹಿಂದಿನ ಸರಬರಾಜೂ ಎಡೆಬಿಡದೆ ನಡೆಯಬೇಕು ಎಂಬುದನ್ನು ಈ ಊರು ಆ ರಾತ್ರಿ ಕಲಿತದ್ದನ್ನು ಯಾವ ಪುಸ್ತಕವೂ ಕಲಿಸಲಾರದು.

ಆ ಎರಡನೇ ಅಲೆಯ ನಂತರ ದೇಶದ ಆಸ್ಪತ್ರೆಗಳಲ್ಲಿ, ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ಘಟಕಗಳು ಎದ್ದವು. ಮನೆಯಲ್ಲಿಡುವ ಕಾನ್ಸಂಟ್ರೇಟರ್ ಅದರದೇ ಪುಟ್ಟ ರೂಪ. ಎರಡೂ ಜಿಯೋಲೈಟ್ ಹರಳುಗಳ ಮೂಲಕ ಗಾಳಿ ಹಾಯಿಸಿ ಸಾರಜನಕವನ್ನು ಹಿಡಿದಿಡುತ್ತವೆ. ಸಿಲಿಂಡರಿನಂತೆ ಇದು ಬರಿದಾಗುವುದಿಲ್ಲ. ಕರೆಂಟು ಹೋದರೆ ಮಾತ್ರ ನಿಲ್ಲುತ್ತದೆ. ಅದಕ್ಕೆಂದೇ ಪಕ್ಕದಲ್ಲಿ ತುಂಬಿದ ಸಿಲಿಂಡರ್ ಇರಬೇಕು. ಲೆಕ್ಕವನ್ನೂ ನೋಡಿ. ಸುಮಾರು 300 ವಾಟ್‌ನ ಯಂತ್ರ ಹಗಲಿರುಳು ಓಡಿದರೆ ದಿನಕ್ಕೆ 7.2 ಯೂನಿಟ್, ತಿಂಗಳಿಗೆ 216 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್. ಅದನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಕೂಲಿ ಮಾಡಿ ಬದುಕುವ ಮನೆಯಲ್ಲಿ ಒಂದು ಕೂಸಿನ ಉಸಿರೇ ಆ ಮಿತಿಯನ್ನು ದಾಟಿಸಿಬಿಡುತ್ತದೆ.

ಹಣದ ಜೊತೆಗೆ ಮನೆಯ ಕಷ್ಟಗಳೂ ಇವೆ. ಆಮ್ಲಜನಕವಿರುವ ಕೋಣೆಯಲ್ಲಿ ಬೆಂಕಿ ಕೂಡದು. ಸೌದೆ ಒಲೆಯ ಹೊಗೆ ಗಾಯಗೊಂಡ ಶ್ವಾಸಕೋಶಕ್ಕೆ ಹಗೆ. ಒಂದೇ ಕೋಣೆಯ ಮನೆಯಲ್ಲಿ ಅಡುಗೆ ಎಲ್ಲಿ ಮಾಡುವುದು? ರಾತ್ರಿ ನಳಿಕೆ ಜಾರಿದರೆ ಏಳುವವಳು ಬಾಣಂತಿಯೇ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿಗೆ ಉಚಿತ ಚಿಕಿತ್ಸೆ ಕೊಡುತ್ತದೆ, ಮನೆಗೆ ಮರಳಲು ವಾಹನವನ್ನೂ ಕೊಡುತ್ತದೆ. ಮನೆ ಬಾಗಿಲಾಚೆಗಿನದು ಹೆಚ್ಚಿನಂಶ ಮನೆಯವರ ಪಾಲು.

ಆದರೆ ದಾರಿ ಇಲ್ಲವೆಂದಲ್ಲ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೇಲೆ 42 ದಿನಗಳವರೆಗೆ, ಆಮೇಲೆ ಮೂರನೇ ತಿಂಗಳಿಂದ ಹದಿನೈದನೇ ತಿಂಗಳವರೆಗೆ ಮನೆಗೆ ಬರುತ್ತಾರೆ. ಬಿಪಿಡಿ ಕೂಸಿಗೆ ಆಸರೆ ಬೇಕಾದದ್ದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಅವರ ಚೀಲದಲ್ಲಿ ಶಿಶುವಿನ ಪಾದಕ್ಕೆ ಹೊಂದುವ ಆಕ್ಸಿಮೀಟರ್ ಇರಲಿ. ಯಂತ್ರ ಎರವಲು ಸಿಗಲಿ, ಆ ಮನೆಯ ಮೀಟರಿಗೆ ರಿಯಾಯಿತಿ ಇರಲಿ. ತಿಂಗಳು ಎಣಿಸುತ್ತಿದ್ದ ಅಜ್ಜಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ.