ಯಾದಗಿರಿ ಸುತ್ತಲಿನ ಹಳ್ಳಿಮಾರ್ಗಗಳಲ್ಲಿ ಬಸ್ ಟ್ರಿಪ್ ಕಡಿತ: ಎಣಿಕೆಯ ಕ್ರಮದ ಮರುಪರಿಶೀಲನೆ

2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದ ಮೇಲೆ ಮುದನಾಳದಂಥ ಊರುಗಳಿಗೂ ಪಟ್ಟಣಕ್ಕೂ ಇದ್ದ ನಂಟು ಬದಲಾಯಿತು. ಮೊದಲು ಸಂತೆಗೂ ರೈಲಿಗೂ ಬರುತ್ತಿದ್ದವರಿಗೆ ಈಗ ಜಿಲ್ಲಾ ಕಚೇರಿ, ದೊಡ್ಡಾಸ್ಪತ್ರೆ, ಕಾಲೇಜು ಎಲ್ಲವೂ ಅಲ್ಲಿಯೇ. ಶಹಾಪುರ, ಸುರಪುರಗಳ ಆಸುಪಾಸಿನಲ್ಲೂ ಇದೇ ಬಗೆಯ ಓಡಾಟವಿದೆ. ಕಡತದಲ್ಲಿ ಹಳ್ಳಿಗಳಾಗಿಯೇ ಉಳಿದ ಇವು ದಿನನಿತ್ಯದ ಬದುಕಿನಲ್ಲಿ ಪಟ್ಟಣದ ಹೊರವಲಯಗಳು. ಇಂಥ ಮಾರ್ಗಗಳಲ್ಲಿ ಜನ ಕಡಿಮೆ ಎಂಬ ಕಾರಣಕ್ಕೆ ಟ್ರಿಪ್ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಒಂದೊಂದು ಟ್ರಿಪ್ಪನ್ನು ಬಿಡಿಯಾಗಿ ಅಳೆಯುವುದರಿಂದಲೇ ಈ ಮಾರ್ಗಗಳು ಇರುವುದಕ್ಕಿಂತ ಹೆಚ್ಚು ಖಾಲಿಯಾಗಿ ಕಾಣುತ್ತವೆ, ಆ ಅಳತೆಯನ್ನು ನಂಬಿ ಮಾಡಿದ ಕಡಿತ ಉಳಿದ ಬಸ್ಸುಗಳನ್ನೂ ಖಾಲಿ ಮಾಡುತ್ತದೆ ಎಂಬುದು ನನ್ನ ವಾದ.

ಯಾದಗಿರಿ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ಸು ಹುಟ್ಟಿದ್ದು ರೈಲ್ವೆಯ ಅಂಗವಾಗಿ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ವಿಭಾಗ ಆರಂಭಿಸಿತು. ಬಸ್ಸು, ರೈಲು ಎರಡೂ ಒಂದೇ ಮನೆತನದವು. ಬಸ್ಸಿನಿಂದಿಳಿದು ರೈಲು ಹತ್ತಿದವನ ರೊಕ್ಕವೂ ಅದೇ ಸಂಸ್ಥೆಗೆ. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು ಬಂತು. ಇಂಥ ನಿಗಮಗಳಿಗೆ ಆಧಾರವಾದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಲ್ಲಿ ಎರಡು ಮಾತುಗಳಿವೆ. 18ನೇ ಕಲಮು ದಕ್ಷವೂ ಸಾಕಷ್ಟೂ ಆದ ಸೇವೆ ಒದಗಿಸುವುದು ನಿಗಮದ ಹೊಣೆ ಎನ್ನುತ್ತದೆ. 22ನೆಯದು ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ಟ್ರಿಪ್ ಕಡಿತದ ಹೊತ್ತಿನಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿಬಿಡುವುದು ಸುಲಭ. ಹಾಗೆ ನೋಡಿದರೆ, ಇಲ್ಲಿ ವ್ಯಾಪಾರದ ಲೆಕ್ಕವೂ ಪೂರ್ಣವಲ್ಲ.

ಡಿಪೊದಲ್ಲಿ ಮಾರ್ಗವನ್ನು ತೂಗುವುದು ಕಿಲೋಮೀಟರಿಗೆ ಬಂದ ಗಳಿಕೆ ಮತ್ತು ತಗಲಿದ ವೆಚ್ಚದಿಂದ. ಬೆಳಿಗ್ಗೆ ಪಟ್ಟಣಕ್ಕೆ ತುಂಬಿ ಹೋದ ಬಸ್ಸು ಊರಿಗೆ ಮರಳುವಾಗ ಬಹುಪಾಲು ಖಾಲಿ. ಸಂಜೆ ಇದಕ್ಕೆ ತಿರುವುಮುರುವು. ಖಾಲಿ ಬಂದದ್ದನ್ನಷ್ಟೇ ನೋಡಿದರೆ ಅದು ನಷ್ಟ. ಪಾಸ್ ತೋರಿಸಿ ಹತ್ತಿದ ವಿದ್ಯಾರ್ಥಿಯಿಂದ ಆ ಟ್ರಿಪ್ಪಿನ ಚೀಲಕ್ಕೆ ಏನೂ ಬೀಳುವುದಿಲ್ಲ. ಯಾದಗಿರಿಯಲ್ಲಿ ಇಳಿದು ಕಲಬುರಗಿಯ ಬಸ್ಸು ಹಿಡಿದವರ ಟಿಕೆಟ್ಟಿನ ದೊಡ್ಡ ಭಾಗ ದೊಡ್ಡ ಮಾರ್ಗದ ಖಾತೆಗೆ ಜಮೆಯಾಗುತ್ತದೆ, ಅವರನ್ನು ತಂದುಕೊಟ್ಟ ಹಳ್ಳಿ ಬಸ್ಸಿನ ಖಾತೆಗಲ್ಲ. ಬ್ರಿಟನ್ನಿನಲ್ಲಿ 1963ರ ಬೀಚಿಂಗ್ ವರದಿ 2,363 ರೈಲು ನಿಲ್ದಾಣಗಳನ್ನು ಮುಚ್ಚಲು ಸೂಚಿಸಿದಾಗ ಎದ್ದ ಆಕ್ಷೇಪವೂ ಇದೇ. ಕವಲು ದಾರಿ ಮುಚ್ಚಿದ ಮೇಲೆ ಹಲವರು ಮುಖ್ಯ ನಿಲ್ದಾಣದವರೆಗೂ ಬರಲಿಲ್ಲ, ಪೂರ್ತಿ ಪ್ರಯಾಣವನ್ನೇ ಕಾರಿಗೆ ವರ್ಗಾಯಿಸಿದರು.

ಬಸ್ ಸೇವೆ ಕುಗ್ಗಿದಾಗ ಪ್ರಯಾಣಿಕರು ಎಷ್ಟು ಕಡಿಮೆಯಾಗುತ್ತಾರೆಂಬುದಕ್ಕೆ ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯ 2004ರಲ್ಲಿ ಕೊಟ್ಟ ಅಂದಾಜು, ಸೇವೆ ಶೇ. 1ರಷ್ಟು ಕುಗ್ಗಿದರೆ ಅಲ್ಪಾವಧಿಯಲ್ಲಿ ಸುಮಾರು ಶೇ. 0.4, ದೀರ್ಘಾವಧಿಯಲ್ಲಿ ಶೇ. 0.7. ಅಂದರೆ ನಾಲ್ಕು ಟ್ರಿಪ್ಪುಗಳಲ್ಲಿ ಒಂದನ್ನು ತೆಗೆದರೆ ಸ್ವಲ್ಪ ದಿನದಲ್ಲಿ ಶೇ. 10ರಷ್ಟು, ಮುಂದೆ ಶೇ. 17ಕ್ಕೂ ಹೆಚ್ಚು ಜನ ಬಿಟ್ಟುಹೋಗುತ್ತಾರೆ. ಆದರೆ ಈ ಸರಾಸರಿ ನಮ್ಮ ಮಾರ್ಗಗಳಿಗೆ ತೀರಾ ಮೃದುವಾದುದು ಎಂದೇ ನನ್ನ ಅಭಿಪ್ರಾಯ. ಅರ್ಧ ಗಂಟೆಗೊಂದು ಬಸ್ಸು ಇರುವಲ್ಲಿ ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯಬಹುದು. ದಿನಕ್ಕೆ ಮೂರ್ನಾಲ್ಕೇ ಇರುವಲ್ಲಿ ಸಂಜೆಯ ಬಸ್ಸು ಹೋದರೆ ಬೆಳಗಿನದೂ ಹೋದ ಹಾಗೆಯೇ, ಏಕೆಂದರೆ ಮರಳುವ ದಾರಿ ಗೊತ್ತಿಲ್ಲದೆ ಯಾರೂ ಮಗಳನ್ನು ಪಟ್ಟಣಕ್ಕೆ ಕಳಿಸುವುದಿಲ್ಲ. ಮರುವರ್ಷ ಬೆಳಗಿನ ಬಸ್ಸಿನಲ್ಲೂ ಜನ ಕಡಿಮೆ ಎಂದು ವರದಿಯಾಗುತ್ತದೆ. ಕಡಿತವೇ ಹುಟ್ಟಿಸಿದ ಅಂಕಿ ಮುಂದಿನ ಕಡಿತಕ್ಕೆ ಸಾಕ್ಷಿಯಾಗುವುದು ಹೀಗೆ.

ಇದರ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಬೈಕು ಇರುವ ಗಂಡಸು ಹೋಗಿಬರುತ್ತಾನೆ. ಉಳಿದವರಿಗೆ ಆಸನ ತುಂಬುವ ತನಕ ಹೊರಡದ ಟಂಟಂ ಆಟೊ. ಕೂಲಿಗೆ ಹೋಗುವವರಿಗೆ ಕೆಲವೊಮ್ಮೆ ಸರಕು ವಾಹನವೇ ಗತಿ, ಅದರ ಅಪಾಯ ಎಲ್ಲರಿಗೂ ಗೊತ್ತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ ಯಾದಗಿರಿಯದು ಶೇ. 51.83, ರಾಜ್ಯದಲ್ಲೇ ಕೊನೆಯದು, ಹೆಣ್ಣುಮಕ್ಕಳದು ಶೇ. 41.38. ದೂರಕ್ಕೂ ಹೆಣ್ಣುಮಕ್ಕಳ ಓದಿಗೂ ಇರುವ ಸಂಬಂಧಕ್ಕೆ ಬಿಹಾರದಲ್ಲಿ ಗಟ್ಟಿ ಆಧಾರವಿದೆ: 2006ರಲ್ಲಿ ಅಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಕೊಟ್ಟ ಮೇಲೆ ಅವರ ದಾಖಲಾತಿ ಶೇ. 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದ್ದಾರೆ. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ ಈ ಏರಿಕೆ ಹೆಚ್ಚಾಗಿತ್ತು.

ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಪರಿಸ್ಥಿತಿಯನ್ನು ಎರಡು ಬಗೆಯಲ್ಲಿ ಬದಲಿಸಿದೆ. ಬಸ್ಸಿಲ್ಲದ ಊರಿನ ಹೆಣ್ಣುಮಗಳಿಗೆ ಉಚಿತ ಪ್ರಯಾಣದ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಅವಳು ಟಂಟಂಗೆ ಕೈಯಿಂದ ರೊಕ್ಕ ಕೊಡುತ್ತಾಳೆ. ಹೀಗಾಗಿ ಕಡಿತ ಈಗ ಅವಳಿಗೆ ಮೊದಲಿಗಿಂತ ದುಬಾರಿ. ಅದೇ ಯೋಜನೆಯ ಶೂನ್ಯ ಟಿಕೆಟ್ಟು ಒಳ್ಳೆಯದನ್ನೂ ಮಾಡಿದೆ: ಎಲ್ಲಿ ಹತ್ತಿದಳು, ಎಲ್ಲಿಗೆ ಹೊರಟಳು ಎಂಬುದು ಯಂತ್ರದಲ್ಲಿ ದಾಖಲಾಗುತ್ತಿದೆ. ಪಾಸಿನ ಪ್ರಯಾಣಿಕರಿಗೂ ಇಂಥದೇ ಶೂನ್ಯ ಟಿಕೆಟ್ಟು ಕೊಡಬೇಕು. ಹೋಗುವ, ಬರುವ ಟ್ರಿಪ್ಪುಗಳನ್ನು ಜೋಡಿಯಾಗಿ ಎಣಿಸಬೇಕು. ಮುಂದಿನ ಬಸ್ಸಿಗೆ ಬದಲಾಯಿಸಿದವರ ಗಳಿಕೆಯಲ್ಲಿ ಹಳ್ಳಿಮಾರ್ಗಕ್ಕೂ ಪಾಲು ಬರೆಯಬೇಕು. ಪರೀಕ್ಷೆ, ಬಿತ್ತನೆ, ಹತ್ತಿ ಬಿಡಿಸುವ ಕಾಲ ಎಲ್ಲವೂ ಬಂದುಹೋಗುವ ಹಾಗೆ ಒಂದು ಪೂರ್ಣ ವರ್ಷದ ಅಂಕಿ ಕೈಯಲ್ಲಿರುವ ತನಕ, ದಿನದ ಕೊನೆಯ ಬಸ್ಸನ್ನಂತೂ ಕಡಿತದ ಪಟ್ಟಿಯಿಂದ ಹೊರಗಿಡಬೇಕು.