ಅಬ್ಬೆ ದುಬಾಯ್ ಕಂಡ ನಂಜನಗೂಡು ಮತ್ತು ಮೂಗೂರು: ಸ್ತ್ರೀ, ಸಂಕೇತ ಹಾಗೂ ವಸಾಹತು ದೃಷ್ಟಿ

ಮೈಸೂರು ಸೀಮೆಯ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಗ್ರಂಥವನ್ನು ಆಧಾರವಾಗಿ ಬಳಸುವುದು ರೂಢಿಯಾಗಿದೆ. ಹಿಂದೂಗಳ ಆಚಾರ ವ್ಯವಹಾರಗಳನ್ನು ವರ್ಣಿಸುವ ಆ ಗ್ರಂಥದಲ್ಲಿ ನಂಜನಗೂಡಿನ ಪ್ರಸ್ತಾಪವೂ, ಅದಕ್ಕೆ ಹೊಂದಿಕೊಂಡಂತೆಯೇ ಮೂಗೂರಿನ ಪ್ರಸ್ತಾಪವೂ ಬರುತ್ತವೆ. ಮೊದಲನೆಯದರಲ್ಲಿ ವರ್ಣನೆಗೆ ಗುರಿಯಾದವಳು ಸಂತಾನವನ್ನು ಬೇಡಿ ಬಂದ ಭಕ್ತೆ; ಎರಡನೆಯದರಲ್ಲಿ ದೇವಿ. ಈ ಪುಟಗಳನ್ನು ಆ ಕಾಲದ ಸ್ತ್ರೀಜೀವನದ ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಅಂಗೀಕರಿಸಬಹುದೆಂಬುದನ್ನು, ಇಪ್ಪತ್ತನೆಯ ಶತಮಾನದ ಫ್ರೆಂಚ್ ಚಿಂತಕರೇ ಒದಗಿಸಿದ ಕೆಲವು ವಿಚಾರಗಳ ನೆರವಿನಿಂದ ಇಲ್ಲಿ ಪರಿಶೀಲಿಸುತ್ತೇವೆ.

1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಬಳಿಕ ದುಬಾಯ್ ಅವರು ಅಲ್ಲಿನ ಕ್ರೈಸ್ತರ ನಡುವೆ ಕಾರ್ಯಮಗ್ನರಾದರು. ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು 1807ರಲ್ಲಿ 2000 ವರಹಗಳಿಗೆ ಕೊಂಡಿತು. ಅದರ ಇಂಗ್ಲಿಷ್ ಭಾಷಾಂತರ 1816ರಲ್ಲಿ ಲಂಡನ್ನಿನಲ್ಲಿಯೂ, ಪರಿಷ್ಕೃತ ಫ್ರೆಂಚ್ ಪಾಠ 1825ರಲ್ಲಿ ಪ್ಯಾರಿಸ್ಸಿನಲ್ಲಿಯೂ ಅಚ್ಚಾದವು. ಗ್ರಂಥದ ಬಹುಭಾಗವು ಕೇರ್ದು ಎಂಬ ಜೆಸ್ಯುಯಿಟ್ ಪಾದ್ರಿಯ ಹಿಂದಿನ ಬರಹವನ್ನು ಅವಲಂಬಿಸಿದೆಯೆಂದು ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ತೋರಿಸಿದ್ದಾರೆ. ಆದುದರಿಂದ ಇದು ಒಬ್ಬ ಪ್ರವಾಸಿಯ ದಿನಚರಿಯಲ್ಲ. ಆಳಲು ಬಂದವರು ಆಳಲ್ಪಡುವವರನ್ನು ತಿಳಿಯಲೆಂದು ಹಣ ತೆತ್ತು ಪಡೆದ ಜ್ಞಾನ.

ನಂಜನಗೂಡಿಗೆ ಬರುವ ಬಂಜೆಯರು ಮಾಡುತ್ತಿದ್ದರೆನ್ನಲಾದ ಒಂದು ಹರಕೆಯನ್ನು ದುಬಾಯ್ ಅವರು ಅತ್ಯಂತ ಜುಗುಪ್ಸೆಯಿಂದ ವರ್ಣಿಸುತ್ತಾರೆ. ಆ ವಿಧಿಯಲ್ಲಿ ಗಂಡನೂ ಜೊತೆಗಿರುತ್ತಾನೆ. ಆದರೂ ಬಂಜೆತನವು ಹೆಂಗಸಿನದೇ, ಹೀನಾಯವೂ ಅವಳದೇ. ಅವಳ ಬಾಯಿಂದ ಬಂದ ಮಾತು ಒಂದೂ ಇಲ್ಲ. ಮೂಗೂರಿನಲ್ಲಿ ‘ತಿಪ್ಪಮ್ಮ’ ಎಂಬ ದೇವಿಯನ್ನು ಹೊತ್ತು ಸಾಗುವ ಉತ್ಸವವನ್ನು ಅವರು ಅಶ್ಲೀಲವೆಂದು ತಳ್ಳಿಹಾಕುತ್ತಾರೆ. ಈ ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರೇ ಎಂಬುದು ದೇವಿಯ ಹೆಸರಿನಿಂದ ವ್ಯಕ್ತವಾಗುತ್ತದೆ. ಜನರು ಈಕೆಯನ್ನು ತಿಬ್ಬಾದೇವಿಯೆಂದೂ ತ್ರಿಪುರಸುಂದರಿಯೆಂದೂ ಕರೆಯುತ್ತಾರೆ. ಎರಡನೆಯ ಹೆಸರಿನ ಹಿಂದಿರುವ ಶಾಕ್ತ ಪರಂಪರೆಯ ವಿಚಾರ ಆ ವರ್ಣನೆಯಲ್ಲಿ ಕಾಣುವುದಿಲ್ಲ.

ಪುರುಷನನ್ನೇ ಮಾನದಂಡವಾಗಿಸಿಕೊಂಡ ಸಮಾಜವು ಸ್ತ್ರೀಯನ್ನು ‘ಅನ್ಯ’ಳನ್ನಾಗಿ ಕಾಣುವುದೆಂದು ಸಿಮೋನ್ ದ ಬೊವಾ ಅವರು 1949ರಲ್ಲಿ ಪ್ರತಿಪಾದಿಸಿದರು. ನಿತ್ಯಜೀವನದ ಸಾಮಾನ್ಯ ವಸ್ತುಗಳೂ ಚಿತ್ರಗಳೂ ಸಂಕೇತಗಳಾಗಿ ನಿಂತು, ಚರಿತ್ರೆಯಿಂದ ಉಂಟಾದುದನ್ನು ಸ್ವಭಾವಸಿದ್ಧವೆಂಬಂತೆ ತೋರಿಸುವ ಬಗೆಯನ್ನು ರೋಲಾಂ ಬಾರ್ತ್ ಅವರು 1957ರ ಗ್ರಂಥದಲ್ಲಿ ವಿವೇಚಿಸಿದರು. ಅಲ್ಜೀರಿಯದ ಹೆಂಗಸಿನ ಮುಸುಕನ್ನೇ ಇಡೀ ಸಮಾಜದ ಗುರುತಾಗಿ ಮಾಡಿಕೊಂಡ ಫ್ರೆಂಚ್ ಆಡಳಿತವು, ಅದನ್ನು ತೆಗೆಸುವುದನ್ನೇ ತನ್ನ ಜಯವೆಂದು ಎಣಿಸಿದುದನ್ನು ಫ್ರಾಂಟ್ಸ್ ಫನಾನ್ ಅವರು 1959ರಲ್ಲಿ ವಿವರಿಸಿದರು. ಈ ಮೂರು ವಿಚಾರಗಳೂ ದುಬಾಯ್ ಅವರ ಪುಟಗಳಿಗೆ ಅನ್ವಯಿಸುತ್ತವೆ. ಒಬ್ಬ ಹೆಂಗಸಿನ ಹರಕೆ ಅಲ್ಲಿ ಒಂದು ಜನಾಂಗದ ಸ್ವಭಾವಕ್ಕೆ ಗುರುತಾಗಿದೆ.

ಆದರೆ ಅದೇ ಕ್ಷೇತ್ರವನ್ನು ಬೇರೆ ರೀತಿಯಲ್ಲಿ ಕಂಡವರೂ ಇದ್ದರು. ಪಟ್ಟದಾನೆಯ ಕಣ್ಣುಬೇನೆ ವಾಸಿಯಾದುದಕ್ಕಾಗಿ ಟಿಪ್ಪು ಸುಲ್ತಾನನು ಪಚ್ಚೆಯ ಲಿಂಗವನ್ನು ಒಪ್ಪಿಸಿ, ದೇವರನ್ನು ‘ಹಕೀಮ್ ನಂಜುಂಡ’ನೆಂದು ಕರೆದನೆಂಬುದು ಸ್ಥಳದ ಐತಿಹ್ಯ. ನಂಜನ್ನು ಉಂಡವನು ವೈದ್ಯನೆಂಬ ಈ ಭಾವನೆಯನ್ನು ಒಪ್ಪಿದರೆ, ಕಪಿಲೆಯಲ್ಲಿ ಮಿಂದು, ಮುಡಿಯನ್ನೊಪ್ಪಿಸಿ, ಉರುಳುಸೇವೆ ಮಾಡುವ ಹೆಂಗಸು ವೈದ್ಯನ ಬಾಗಿಲಿಗೆ ಬಂದವಳೇ ಆಗುತ್ತಾಳೆ. ಸಿಡುಬಿಗೆ ದಾಕು ಹಾಕಿಸುವ ಕಾರ್ಯದಲ್ಲಿ ದುಡಿದ ದುಬಾಯ್ ಅವರಿಗೆ ರೋಗಿಯ ಸಂಕಟ ತಿಳಿಯದುದೇನಲ್ಲ. ಈ ಭಕ್ತೆಯಲ್ಲಿ ಮಾತ್ರ ಅವರು ಅದನ್ನು ಕಾಣಲಿಲ್ಲ.

ಬಂಜೆತನದ ಅರ್ಥವು ಹೇಳುವವರನ್ನು ಅನುಸರಿಸಿ ಬದಲಾಗುವುದೆಂಬುದಕ್ಕೆ ನರಸೀಪುರದ ತಾಲ್ಲೂಕಿನಲ್ಲಿಯೇ ಪ್ರಬಲವಾದ ನಿದರ್ಶನವಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ತರುವಾಯ, ವಿಜಯನಗರದ ಪ್ರತಿನಿಧಿ ತಿರುಮಲರಾಜನ ಪತ್ನಿ ಅಲಮೇಲಮ್ಮನು, ತನ್ನ ಒಡವೆಗಳನ್ನು ಕೇಳಿ ಬಂದ ಭಟರಿಗೆ ಸಿಕ್ಕದೆ ಕಾವೇರಿಯ ಮಡುವಿಗೆ ಹಾರಿದಳೆಂದು ಐತಿಹ್ಯವು ಹೇಳುತ್ತದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಸಂತಾನವಿಲ್ಲದಿರಲಿ ಎಂಬುದು ಅವಳ ಶಾಪದ ಸಾರ. ತಲಕಾಡಿನ ಮರಳಿಗೆ ನದಿ ಮತ್ತು ಗಾಳಿಗಳ ಕಾರಣಗಳುಂಟು. ಶಾಪವು ಅದರ ವಿವರಣೆಯಾಗಲಾರದು. ಆದರೆ ಈ ಕಥೆಯಲ್ಲಿ ಮಾತಾಡುವವಳು ಹೆಂಗಸು. ಬಂಜೆತನ ತಗಲುವುದು ಅರಸರಿಗೆ. ಆ ಮಾತಿಗೆ ಮುಂದೆ ರಾಜಕೀಯ ಅರ್ಥವೂ ಕೂಡಿಬಂತು. 1831ರಲ್ಲಿ ಆಡಳಿತವನ್ನು ಕಳೆದುಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಸ್ವೀಕರಿಸಿದಾಗ, ಆ ದತ್ತನ್ನು ಬ್ರಿಟಿಷ್ ಸರ್ಕಾರ ಮಾನ್ಯಮಾಡುವುದೇ ಎಂಬುದರ ಮೇಲೆ ಸಂಸ್ಥಾನದ ಭವಿಷ್ಯ ನಿಂತಿತ್ತು. ಅದು ಮಾನ್ಯವಾಗಿ, 1881ರಲ್ಲಿ ರಾಜ್ಯವು ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಮರಳಿತು.

ಮೇಲ್ಕಂಡ ವಿವೇಚನೆಯಿಂದ ದುಬಾಯ್ ಅವರ ಗ್ರಂಥವು ನಿರುಪಯುಕ್ತವೆಂದಾಗಲಿ, ಅವರು ಖಂಡಿಸಿದ ಆಚಾರಗಳೆಲ್ಲ ಸಮರ್ಥನೀಯವೆಂದಾಗಲಿ ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅದು ಮುಖ್ಯವಾಗಿ ಯುರೋಪಿನ ಓದುಗರಿಗೆ ಇಲ್ಲಿನ ಸ್ತ್ರೀಯನ್ನು ಹೇಗೆ ತೋರಿಸಲಾಯಿತೆಂಬುದರ ದಾಖಲೆ. ಅವಳ ಬಾಳಿನ ದಾಖಲೆಯಾಗಬೇಕಾದರೆ ಸ್ಥಳದ ಐತಿಹ್ಯ, ಹರಕೆ, ಉತ್ಸವಗಳ ಪಕ್ಕದಲ್ಲಿಟ್ಟು ಅದನ್ನು ಓದಬೇಕು. ನಂಜನಗೂಡು, ನರಸೀಪುರಗಳ ಕಡೆಯಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿನಿಯರು ಈ ಪುಟಗಳಲ್ಲಿ ತಮ್ಮ ಹಿಂದಿನ ತಲೆಮಾರಿನ ಹೆಂಗಸರ ಚಿತ್ರವನ್ನು ಕಾಣುತ್ತಾರೆ. ಆ ಚಿತ್ರವನ್ನು ಬರೆದವರಾರು, ಯಾರಿಗಾಗಿ ಬರೆದರು ಎಂಬುದನ್ನು ಮೊದಲು ತಿಳಿಸಿ, ಅನಂತರ ಅದನ್ನು ಓದಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.