ಹತ್ತೊಂಬತ್ತು ಬಾಗಿಲು, ಒಂದು ಮುನ್ನುಡಿ

ಪುಸ್ತಕ ಅಚ್ಚಾಗಬೇಕಾದರೆ ಕಾಗದ ಬೇಕು, ಮಸಿ ಬೇಕು, ದುಡ್ಡು ಬೇಕು ಅಂತ ನಾವು ತಿಳಿದಿದ್ದೆವು. ನಮ್ಮ ಹಟ್ಟಿಗಳಿಗೆ ಅಕ್ಷರ ಬಂದದ್ದೇ ನಮ್ಮಿಂದ. ಅಪ್ಪಂದಿರು ಹೆಬ್ಬೆಟ್ಟು. ಬರೆಯೋದೊಂದು ಬಂದರೆ ಮಿಕ್ಕದ್ದು ತಾನೇ ಆಗ್ತದೆ ಅನ್ನೋ ಹುಂಬ ನಂಬಿಕೆ. ಮೊದಲ ಪದ್ಯಗಳನ್ನು ಒಂದು ಪತ್ರಿಕೆಗೆ ಕಳಿಸಿದೆವು. ತಿಂಗಳೊಪ್ಪತ್ತಿನಲ್ಲಿ ವಾಪಸು ಬಂದವು. ಜೊತೆಗೊಂದು ಸಾಲು: ವಸ್ತು ಪರವಾಗಿಲ್ಲ, ಆದರೆ ಗಲೀಜು ಜಾಸ್ತಿ. ಯಾವುದು ಗಲೀಜು ಅಂತ ತಿರುಗಿಸಿ ತಿರುಗಿಸಿ ಓದಿದೆವು. ಪದ್ಯದಲ್ಲಿ ನಮ್ಮವ್ವ ಚರಂಡಿ ಬಳಿಯುತ್ತಿದ್ದಳು. ಅಷ್ಟೆ.

ಈ ಗಲೀಜಿನ ಮಾತಿಗೆ ದೊಡ್ಡ ಚರಿತ್ರೆಯೇ ಇದೆ ಅಂತ ಗೊತ್ತಾದದ್ದು ಮುಲ್ಕ್‌ರಾಜ್ ಆನಂದರ 'ಅನ್‌ಟಚಬಲ್' ಕಾದಂಬರಿ ಅಚ್ಚಾದ ಕತೆ ತಿಳಿದಾಗ. 1935ರಲ್ಲಿ ಲಂಡನ್ನಿನಲ್ಲಿ ಹೊರಬಂದ ಪುಸ್ತಕ. ಅದಕ್ಕೆ ಮುಂಚೆ ಅದರ ಹಸ್ತಪ್ರತಿ ಹತ್ತೊಂಬತ್ತು ಪ್ರಕಾಶಕರ ಬಾಗಿಲು ಬಡಿದು ಹತ್ತೊಂಬತ್ತು ಸಲ ವಾಪಸು ಬಂದಿತ್ತು.

ಆನಂದರು ನಮ್ಮವರಲ್ಲ. ಅದನ್ನು ಮೊದಲೇ ಹೇಳಿಬಿಡೋಣ. 1905ರಲ್ಲಿ ಪೇಶಾವರದಲ್ಲಿ ಹುಟ್ಟಿದರು. ಕುಲಕಸುಬು ತಾಮ್ರದ ಪಾತ್ರೆ ಬಡಿಯುವುದು. ತಂದೆ ಅದನ್ನು ಬಿಟ್ಟು ಬ್ರಿಟಿಷರ ಪಲ್ಟನ್ನಿನಲ್ಲಿ ಗುಮಾಸ್ತೆಯಾದವರು. ಮಗ ಅಮೃತಸರದಲ್ಲಿ ಓದಿ, ಲಂಡನ್ನಿಗೆ ಹೋಗಿ, 1929ರಲ್ಲಿ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ. ವರ್ಜೀನಿಯಾ ವುಲ್ಫ್ ದಂಪತಿಗಳ ಹೊಗಾರ್ತ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಮಾಡಿದ. ಎಲಿಯಟ್ಟನ ಪತ್ರಿಕೆಗೆ ಸಣ್ಣಪುಟ್ಟ ವಿಮರ್ಶೆ ಬರೆದ. ಅಂದರೆ ಇಂಗ್ಲಿಷ್ ಸಾಹಿತ್ಯದ ಅಡುಗೆಮನೆಯ ಒಳಗೇ ಓಡಾಡಿಕೊಂಡಿದ್ದ ಮನುಷ್ಯ. ಅಂಥವನಿಗೇ ಹತ್ತೊಂಬತ್ತು ಸಲ.

ಪಲ್ಟನ್ನಿನ ಕೇರಿಯಲ್ಲಿ ಅವರ ಜೊತೆ ಆಡುತ್ತಿದ್ದ ಜಾಡಮಾಲಿ ಹುಡುಗನೊಬ್ಬನಿದ್ದ. ಒಂದು ದಿನ ಆನಂದರ ತಲೆಗೆ ಕಲ್ಲೇಟು ಬಿದ್ದು ರಕ್ತ ಸುರಿಯುತ್ತಿದ್ದಾಗ ಆ ಹುಡುಗ ಎತ್ತಿಕೊಂಡು ಮನೆಗೆ ತಂದ. ಆನಂದರ ತಾಯಿ ಗಾಯ ನೋಡುವ ಮೊದಲು ಮಗನನ್ನು ಮುಟ್ಟಿದ್ದಕ್ಕೆ ಅವನನ್ನೇ ಬೈದರಂತೆ. ಇದನ್ನು ಆನಂದರೇ ಹೇಳಿಕೊಂಡಿದ್ದಾರೆ. ಕಾದಂಬರಿಯ ನಾಯಕ ಬಖ ಬಂದದ್ದು ಅಲ್ಲಿಂದ. ಹಾಕಿ ಆಟದಲ್ಲಿ ಪೆಟ್ಟು ತಿಂದ ಮಗುವನ್ನು ಬಖ ಎತ್ತಿಕೊಂಡು ಹೋಗಿ ಬೈಸಿಕೊಳ್ಳುವ ಭಾಗ ಓದಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ.

ಕತೆ ಒಂದೇ ದಿನದ್ದು. ಬಖ ಹದಿನೆಂಟರ ಹುಡುಗ, ಜಾಡಮಾಲಿಗಳ ಜಮಾದಾರ ಲಾಖನ ಮಗ. ಬೆಳಿಗ್ಗೆ ಎದ್ದರೆ ಪಲ್ಟನ್ನಿನ ಕಕ್ಕಸು ತೊಳೆಯಬೇಕು. ಪೇಟೆಯಲ್ಲಿ ಜಿಲೇಬಿ ತಿನ್ನುತ್ತಾ ನಡೆಯುವಾಗ ಕೂಗು ಹಾಕುವುದನ್ನು ಮರೆತು ಒಬ್ಬ ಸವರ್ಣೀಯನಿಗೆ ತಗುಲುತ್ತಾನೆ. ಕೆನ್ನೆಗೆ ಬೀಳುತ್ತದೆ, ಜಿಲೇಬಿ ಮಣ್ಣಿಗೆ ಬೀಳುತ್ತದೆ. ತಂಗಿ ಸೋಹಿನಿಯ ಮೈಮೇಲೆ ಕೈಹಾಕಿದ ಪೂಜಾರಿಯೇ 'ಮೈಲಿಗೆ, ಮೈಲಿಗೆ' ಅಂತ ಬೊಬ್ಬೆ ಹೊಡೆಯುತ್ತಾನೆ. ಇದರಲ್ಲಿ ಯಾವುದನ್ನು ನಮ್ಮ ಕೇರಿಯವರಿಗೆ ವಿವರಿಸಿ ಹೇಳಬೇಕು? ಯಾವುದನ್ನೂ ಇಲ್ಲ.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೆನ್ನೆಯ ಪೆಟ್ಟಲ್ಲ, ಇನ್ನೊಂದು ಸಣ್ಣ ಸಂಗತಿ. ಬಖನಿಗೆ ಓದು ಕಲಿಯುವ ಆಸೆ. ಇಸ್ಕೂಲು ಬಾಬುಗಳ ಮಕ್ಕಳಿಗೆ, ನಮಗಲ್ಲ ಅಂತ ಅಪ್ಪ ಹೇಳಿದ್ದಾನೆ. ಆದರೂ ಒಂದು ಇಂಗ್ಲಿಷ್ ಮೊದಲ ಪುಸ್ತಕ ಕೊಂಡು ತಂದಿದ್ದಾನೆ. ಅಕ್ಷರಮಾಲೆಯಿಂದಾಚೆ ದಾಟಿಲ್ಲ. ಕೊನೆಗೆ ಬಾಬುವಿನ ಮಗನ ಹತ್ತಿರ ವ್ಯಾಪಾರ ಕುದುರಿಸುತ್ತಾನೆ: ಒಂದು ಪಾಠಕ್ಕೆ ಒಂದಾಣೆ.

ಈ ಹಸ್ತಪ್ರತಿಗೆ ಮೊದಲು ಕತ್ತರಿ ಬಿದ್ದದ್ದು ಲಂಡನ್ನಿನಲ್ಲಲ್ಲ, ಸಾಬರಮತಿಯಲ್ಲಿ. ಆನಂದರು ಗಾಂಧೀಜಿ ಬರೆದ ಉಕಾ ಎಂಬ ಜಾಡಮಾಲಿ ಹುಡುಗನ ಬಗೆಗಿನ ಬರಹ ಓದಿ, ಕಾದಂಬರಿಯ ಕರಡು ಹಿಡಿದುಕೊಂಡು ಆಶ್ರಮಕ್ಕೆ ಹೋದರು. ಆಶ್ರಮದ ನಿಯಮದಂತೆ ಕಕ್ಕಸನ್ನೂ ತೊಳೆದರು. ಅವರೇ ಹೇಳಿಕೊಂಡಂತೆ, ಬಖ ಲಂಡನ್ನಿನ ಬುದ್ಧಿಜೀವಿಯ ಹಾಗೆ ಯೋಚಿಸುವ ನೂರಕ್ಕೂ ಹೆಚ್ಚು ಪುಟಗಳನ್ನು ಗಾಂಧೀಜಿ ತೆಗೆಸಿದರು. ಕಾದಂಬರಿ ಇದರಿಂದ ಬಿಗಿಯಾಯಿತು ಅಂತ ವಿಮರ್ಶಕರು ಹೇಳ್ತಾರೆ. ಇರಬಹುದು. ಲೇಖಕ ತನ್ನ ತಲೆಯನ್ನು ಪಾತ್ರದ ಕತ್ತಿನ ಮೇಲೆ ಕೂರಿಸಿದರೆ ಕತೆ ಕೆಡುತ್ತದೆ, ಒಪ್ಪಿದೆವು. ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತದೆ. ಕಸ ಗುಡಿಸುವವನು ಎಷ್ಟು ಯೋಚನೆ ಮಾಡಬಹುದು ಅನ್ನೋದನ್ನು ಅಳೆದವರು ಯಾರು?

ಆಮೇಲೆ ಲಂಡನ್ನು. ಬಡವರನ್ನು ಇಟ್ಟುಕೊಂಡು ಗಂಭೀರವಾದ ಕಾದಂಬರಿ ಆಗೋದಿಲ್ಲ, ಅವರು ನಗೆಪಾಟಲಿಗೇ ಸರಿ ಅಂತ ಅಲ್ಲಿಯ ದೊಡ್ಡ ಸಾಹಿತಿಗಳ ನಡುವೆ ಮಾತು ನಡೆಯುತ್ತಿದ್ದುದನ್ನು ಆನಂದರು ನೆನೆದಿದ್ದಾರೆ. ಬಡವರೇ ಆಗದಿದ್ದ ಮೇಲೆ ಮಲ ಬಳಿಯುವವನು ಎಲ್ಲಿಂದ ಆದಾನು? ಗೋರೆ, ಬುಟ್ಟಿ, ಪೊರಕೆ ಹಿಡಿದವನು ಡ್ರಾಯಿಂಗ್ ರೂಮಿಗೆ ಬರುವಂತಿಲ್ಲ. ಅಲ್ಲಿ ಜಾತಿ ಇಲ್ಲ ಅಂತಾರೆ. ಮೈಲಿಗೆ ಮಾತ್ರ ಇತ್ತು. ಹಸ್ತಪ್ರತಿ ಅಂಚೆಯಲ್ಲಿ ಹೋಗುವುದು, ಬರುವುದು, ಇನ್ನೊಂದು ವಿಳಾಸ ಬರೆಯುವುದು. ಹತ್ತೊಂಬತ್ತು ಸಲ ಅಂತ ಬಾಯಲ್ಲಿ ಹೇಳಿಬಿಡಬಹುದು. ಎರಡು ಸಲ ವಾಪಸು ಬಂದದ್ದಕ್ಕೇ ನಾವು ಬರೆಯೋದು ಬಿಟ್ಟು ಗಾರೆ ಕೆಲಸಕ್ಕೆ ಹೋಗಿದ್ದೆವು.

ಕೊನೆಗೆ ಆಸ್ವೆಲ್ ಬ್ಲೇಕ್‌ಸ್ಟನ್ ಎಂಬ ಎಳೆಯ ಇಂಗ್ಲಿಷ್ ಕವಿ ಅದನ್ನು ವಿಶಾರ್ಟ್ ಎಂಬ ಎಡಪಂಥೀಯ ಪ್ರಕಾಶನಕ್ಕೆ ಒಯ್ದ. ಅವರು ಒಪ್ಪಿದರು, ಆದರೆ ಒಂದು ಷರತ್ತು: ಇ. ಎಂ. ಫಾರ್ಸ್ಟರ್ ಮುನ್ನುಡಿ ಬರೆದುಕೊಡಬೇಕು. ಫಾರ್ಸ್ಟರ್ ಅಂದರೆ 1924ರಲ್ಲಿ 'ಎ ಪ್ಯಾಸೇಜ್ ಟು ಇಂಡಿಯಾ' ಬರೆದು ಹೆಸರಾದವರು. ಬರೆದುಕೊಟ್ಟರು. ಬಾಗಿಲು ತೆರೆಯಿತು.

ಆ ಮುನ್ನುಡಿಯನ್ನು ನಿಧಾನಕ್ಕೆ ಓದಬೇಕು. ಫಾರ್ಸ್ಟರ್ ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ತಮ್ಮ ಪುಸ್ತಕವನ್ನೇ ಒಬ್ಬ ಕರ್ನಲ್ ಸಾಹೇಬ ಕೊಳಕು ಅಂದು ಸುಡಲು ಹೇಳಿ ಬರೆದಿಟ್ಟದ್ದನ್ನು ಹೇಳಿ, ಅಂಥವನು ಈ ಪುಸ್ತಕಕ್ಕೆ ಏನನ್ನಬಹುದು ಎಂದು ಅಣಕಿಸುತ್ತಾರೆ. ಈ ಕಾದಂಬರಿ ಕೊಳಕಲ್ಲ, ನಿರ್ಮಲ ಅಂತ ವಾದ ಹೂಡುತ್ತಾರೆ. ಅಲ್ಲಿಯವರೆಗೆ ನಾವೂ ತಲೆದೂಗಿದೆವು. ಮುಂದೆ ಬರುತ್ತದೆ ನೋಡಿ. ಬಖನನ್ನು ಯಾವ ಯುರೋಪಿಯನ್ನನೂ ಸೃಷ್ಟಿಸಲಾರ, ಅವನಿಗೆ ಅಷ್ಟು ಗೊತ್ತಿಲ್ಲ ಅನ್ನುತ್ತಾರೆ. ಸರಿ. ಯಾವ ಅಸ್ಪೃಶ್ಯನೂ ಇದನ್ನು ಬರೆಯಲಾರ ಅನ್ನುತ್ತಾರೆ. ಯಾಕಂತೆ? ಅವನು ತನ್ನ ಸಿಟ್ಟಿನಲ್ಲಿ, ತನ್ನ ಮೇಲಿನ ಮರುಕದಲ್ಲಿ ಸಿಕ್ಕಿಕೊಳ್ಳುತ್ತಾನಂತೆ. ಹುಟ್ಟಿನಿಂದ ಕ್ಷತ್ರಿಯರಾದ ಆನಂದರು ನಿಂತಿರುವ ಜಾಗವೇ ತಕ್ಕ ಜಾಗವಂತೆ.

ಪುಸ್ತಕವನ್ನು ಒಳಗೆ ಬಿಡಿಸಿದ ಕೈಯೇ ನಮಗೆ ಅಗುಳಿ ಹಾಕಿತು. ನಮ್ಮ ಮೊದಲ ಸಾಲು ಹುಟ್ಟುವ ಎಷ್ಟೋ ವರ್ಷ ಮುಂಚೆ ತೀರ್ಪು ಆಗಿಹೋಗಿತ್ತು. ಮುಂದೆ ದಲಿತ ಬರಹಕ್ಕೆ ಸಂಯಮವಿಲ್ಲ, ಬರೀ ಆಕ್ರೋಶ ಅಂತ ಕನ್ನಡದ ಪಂಡಿತರು ಹೇಳಿದಾಗ ಅದು ಹೊಸ ಮಾತೇನೂ ಆಗಿರಲಿಲ್ಲ. ಸಿಟ್ಟು ಬಂದವನು ಬರೆಯಬಾರದು ಅಂದರೆ ಸಿಟ್ಟು ಬರಿಸಿದವನು ಬರೆಯಬಹುದೇನು? 1963ರಲ್ಲಿ ಬಾಬುರಾವ್ ಬಾಗುಲರ ಮರಾಠಿ ಕತೆಗಳು ಬಂದವು. 1973ರಲ್ಲಿ ದೇವನೂರರ 'ದ್ಯಾವನೂರು', 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1978ರಲ್ಲಿ ದಯಾ ಪವಾರರ 'ಬಲುತ' ಬಂದವು. ಸಿದ್ಧಲಿಂಗಯ್ಯ ಸಿಟ್ಟಿನಿಂದಲೇ ಬರೆದರು. ದೇವನೂರರಿಗೆ ಸಿಟ್ಟನ್ನು ನಗುವಿನಲ್ಲಿ ಅದ್ದುವ ವಿದ್ಯೆಯೂ ಗೊತ್ತಿತ್ತು. ಫಾರ್ಸ್ಟರ್ 1970ರಲ್ಲಿ ತೀರಿಕೊಂಡರು. ಇವುಗಳಲ್ಲಿ ಹೆಚ್ಚಿನದನ್ನು ಅವರು ನೋಡುವಂತೆಯೇ ಇರಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಬಖನ ಮುಂದೆ ಮೂರು ದಾರಿ ಬರುತ್ತವೆ: ಮಿಶನರಿಯ ಕ್ರಿಸ್ತ, ಗಾಂಧೀಜಿಯ ಭಾಷಣ, ಒಬ್ಬ ಕವಿ ಹೇಳುವ ನೀರು ಬಿಟ್ಟು ತೊಳೆಯುವ ಕಕ್ಕಸು. ಅಂಬೇಡ್ಕರ್ ಇಲ್ಲ. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಿಯಾಗಿತ್ತು, ಮನುಸ್ಮೃತಿ ಸುಟ್ಟಾಗಿತ್ತು, 1932ರಲ್ಲಿ ಪೂನಾ ಒಪ್ಪಂದ ಆಗಿತ್ತು. ಆದರೂ ಬಖನ ಕಿವಿಗೆ ಆ ಹೆಸರು ಬೀಳುವುದಿಲ್ಲ. ಇನ್ನು ಆ ಕಕ್ಕಸು. ಪುಟದ ಮೇಲಿನ ಮಲಕ್ಕೆ ಪ್ರಕಾಶಕರು ಮೂಗು ಮುಚ್ಚಿಕೊಂಡು ಎಪ್ಪತ್ತೈದು ವರ್ಷ ಕಳೆದ ಮೇಲೆ, 2010ರ ಜುಲೈನಲ್ಲಿ, ನಮ್ಮ ಸವಣೂರಿನ ಭಂಗಿ ಜನ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪುರಸಭೆಯ ಮುಂದೆ ನಿಂತರು. ಆಗ ನಾಡು ತಿರುಗಿ ನೋಡಿತು.

ಬಾಬಾಸಾಹೇಬರ ದಾರಿ ಬೇರೆ. 1920ರಲ್ಲಿ 'ಮೂಕನಾಯಕ' ಹೊರಡುವಾಗ ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತು ಹಾಕಲು 'ಕೇಸರಿ' ಪತ್ರಿಕೆ ಒಪ್ಪಲಿಲ್ಲ. 1936ರಲ್ಲಿ, ಅಂದರೆ ಆನಂದರ ಪುಸ್ತಕ ಬಂದ ಮರುವರ್ಷ, ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ ಅವರನ್ನು ಸಮ್ಮೇಳನದ ಅಧ್ಯಕ್ಷರನ್ನಾಗಿ ಕರೆಯಿತು. ಭಾಷಣದ ಪ್ರತಿ ಕೈಗೆ ಬಂದ ಮೇಲೆ ಕೆಲವು ಮಾತು ತೆಗೆಯಿರಿ ಅಂದಿತು. ಒಂದು ಕಾಮಾವನ್ನೂ ಬದಲಿಸೋದಿಲ್ಲ ಅಂದರು. ಸಮ್ಮೇಳನವೇ ರದ್ದಾಯಿತು. ಆ ಭಾಷಣವನ್ನು ತಮ್ಮ ಕೈಯಿಂದಲೇ ಖರ್ಚು ಮಾಡಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಎರಡು ತಿಂಗಳೊಳಗೆ ಅಷ್ಟೂ ಖಾಲಿ. ಮುನ್ನುಡಿಗೆ ಯಾರ ಮನೆಯ ಹೊಸ್ತಿಲಿಗೂ ಹೋಗಲಿಲ್ಲ.

ನಮ್ಮಲ್ಲೂ ಅಷ್ಟೇ ಆಯಿತು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದರೆ ಸಿಗಲಿಲ್ಲ. ಬಂಡಾಯದವರು ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು.

ಆನಂದರ ಮೇಲೆ ನಮಗೆ ಮುನಿಸಿಲ್ಲ. 2004ರಲ್ಲಿ ತೀರಿಕೊಳ್ಳುವವರೆಗೂ ಬಡವರ ಪಕ್ಷ ಬಿಡಲಿಲ್ಲ. ಹತ್ತೊಂಬತ್ತು ಸಲ ವಾಪಸು ಬಂದರೂ ಬಖನ ಕೈಯಿಂದ ಪೊರಕೆ ಕಿತ್ತು ಹೂವು ಕೊಡಲಿಲ್ಲ. ಅದು ಸಣ್ಣ ನಿಯತ್ತಲ್ಲ.

ಹೋದ ಮಳೆಗಾಲದಲ್ಲಿ ಕೇರಿಯ ಅಂಬೇಡ್ಕರ್ ಭವನದ ಮೆಟ್ಟಿಲ ಮೇಲೆ ಕೂತು ಈ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಾ ಹೋದೆವು. ಬೀದಿ ಗುಡಿಸಿ ಬಂದ ನಾಲ್ಕು ಹೆಂಗಸರು ಪೊರಕೆ ಗೋಡೆಗೆ ಒರಗಿಸಿ ಕೇಳ್ತಾ ಕೂತಿದ್ದರು. ಫಾರ್ಸ್ಟರು, ಮುನ್ನುಡಿ ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಮುಗಿದ ಮೇಲೆ ಒಬ್ಬಾಕೆ ಕೇಳಿದಳು: 'ಒಂದಾಣೆ ಕೊಟ್ಟು ಕಲಿತೀನಿ ಅಂದಿದ್ನಲ್ಲ ಮಗ, ಆ ಹುಡುಗ ಓದೋದು ಕಲಿತನಾ?'

ಕಾದಂಬರಿ ಒಂದೇ ದಿನದ್ದು, ಸಂಜೆಗೆ ಮುಗಿಯುತ್ತದೆ. 'ಅದು ಪುಸ್ತಕದಲ್ಲಿ ಇಲ್ಲ ಕಣವ್ವ' ಅಂದೆವು.